ಹೊನಗೊನೆ ಕಡ್ಡಿ ಹಿಡಿದು ಕೊಲಂಬೊಗೆ

ಅಮೃತಹಳ್ಳಿ, ಒಂದು ಸೋಮವಾರ

ಅವತ್ತು ಅಕ್ಕ ನನ್ನ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ನಾನು ಒಳಗೆ ಒಂದು ಸೀರೆಗೆ ಫಾಲ್ಸ್ ಹಾಕುತ್ತಿದ್ದೆ. ಹೊಸ ಸೂಟ್‌ಕೇಸು ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಮೆಷಿನ್ನಿನ ಪಕ್ಕ ನಿಂತಿತ್ತು. ಅಕ್ಕ ಅದನ್ನು ಕಾಲಿನಿಂದ ಮೆಲ್ಲಗೆ ತಳ್ಳುವಳು, ಚಕ್ರ ಉರುಳುವುದನ್ನು ನೋಡಿ ನಗುವಳು.

"ಏ ಜಯಾ, ಇದು ನಾಯಿಮರಿ ಇದ್ದಂಗೈತೆ ಕಣೇ. ಎಳುದ್ರೆ ಇಂದಿಂದೇ ಬತ್ತದೆ."

"ಚಕ್ರ ಮುರೀಬೇಡ. ಶ್ರೀಲಂಕಾ ನೋಡೋ ಮುಂಚೆ ಅದು ರಿಪೇರಿ ಅಂಗಡಿ ನೋಡತ್ತೆ."

"ಪಾಸ್‌ಪೋರ್ಟಿನೋರು ನಂಗೆ ಬೆರಳೇ ಇಲ್ಲ ಅಂದ್ರು. ಚಕ್ರ ಇಲ್ದಿದ್ರೂ ನಡೀತದೆ ಬುಡು."

ಪಾಸ್‌ಪೋರ್ಟಿಗೆ ಬೆರಳಚ್ಚು ಕೊಡಲು ಹೋದಾಗ ಮೆಷಿನ್ನು ಅಕ್ಕನ ಬೆರಳನ್ನು ಮೊದಲು ಹಿಡಿಯಲೇ ಇಲ್ಲ. ಸೊಪ್ಪು ಕಿತ್ತು ಕಿತ್ತು ಗೆರೆಗಳೆಲ್ಲ ಸವೆದಿದ್ದವು. ಅಲ್ಲಿನ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿ, ಒತ್ತಿ, ಮತ್ತೆ ಒರೆಸಿ, ಕೊನೆಗೆ ಹೇಗೋ ಸಾಧಿಸಿದ್ದಳು. ಅಕ್ಕ ಇದನ್ನು ಬೀದಿಯವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಳು.

ಅಕ್ಕನ ಹೆಸರು ಗೌರಮ್ಮ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಊರ ಕೆರೆಯ ಅಂಚಿನಲ್ಲಿ ಹೊನಗೊನೆ ಸೊಪ್ಪು ಬೆಳೆದು ಮಾರುವುದು ಅವಳ ಕೆಲಸ. ಹೊನಗೊನೆ ನೀರಿನ ಪಸೆ ಇದ್ದಲ್ಲಿ ಹಬ್ಬುವ ಗಿಡ. ಕಣ್ಣಿಗೆ ಒಳ್ಳೆಯದೆಂದು ಜನ ಪಲ್ಯಕ್ಕೆ, ಬಸ್ಸಾರಿಗೆ ಒಯ್ಯುತ್ತಾರೆ.

ನಾವು ಚಿಕ್ಕವರಿದ್ದಾಗ ಆ ಕೆರೆ ಯುಗಾದಿ ಹೊತ್ತಿಗೆ ಒಣಗಿ, ದನ ಮೇಯುವ ಬಯಲಾಗುತ್ತಿತ್ತು. ಹಿಂಗಾರು ಮಳೆಗೆ ತುಂಬಿ ಕೋಡಿ ಬೀಳುತ್ತಿತ್ತು. ಕೋಡಿ ಬಿದ್ದ ಬೆಳಿಗ್ಗೆ ನೀರುಗಂಟಿ ಮುನಿಶಾಮಪ್ಪ ಮನೆಮನೆಗೂ ಬಂದು ಕೋಲಿನಿಂದ ಬಾಗಿಲು ತಟ್ಟುತ್ತಿದ್ದ. "ಕೋಡಿ ಬಿತ್ತು! ಮಕ್ಕಳ್ನ ಆ ಕಡೆ ಬುಡಬ್ಯಾಡಿ! ಎಂಗಸ್ರು ಬಾಗಿನ ತಕ್ಕಂಡು ಬನ್ನಿ!" ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಕೆರೆಯ ಸುದ್ದಿಯನ್ನು ಮನೆಗೆ ಮುಟ್ಟಿಸುವುದೂ ಅವನದೇ.

ಆಮೇಲೆ ಕೆರೆಯ ಕೆಳಗಿನ ಗದ್ದೆಗಳು ಸೈಟುಗಳಾದವು. ಗದ್ದೆ ಇಲ್ಲದ ಮೇಲೆ ನೀರುಗಂಟಿ ಯಾಕೆ? ಮನೆಗಳು ಬಂದವು, ಬಚ್ಚಲ ನೀರು ಕಾಲುವೆ ಸೇರಿತು, ಕೆರೆ ವರ್ಷವಿಡೀ ತುಂಬಿಯೇ ಇರತೊಡಗಿತು. ಒಣಗುವುದನ್ನೇ ಮರೆಯಿತು. ಕೋಡಿ ದಿನವೂ ಹರಿಯುವಾಗ ಬಾಗಿನವನ್ನು ಯಾವ ದಿನ ಕೊಡುವುದು? ಅದೂ ನಿಂತಿತು. ಮಳೆಯ ನಡತೆಯೂ ಬದಲಾಯಿತು. ಮೊದಲು ವಾರವೆಲ್ಲ ಹನಿಯುತ್ತಿದ್ದದ್ದು ಈಗ ಒಂದೇ ಸಂಜೆ ಸುರಿದು ಮುಗಿಯುತ್ತದೆ.

ಆ ಸೋಮವಾರಕ್ಕೆ ಹತ್ತು ದಿನ ಮುಂಚೆ ಅಂಥದೊಂದು ಸಂಜೆ ಬಂದಿತ್ತು. ಅಕ್ಕನ ಸೊಪ್ಪಿನ ಪಾತಿಗಳೆಲ್ಲ ಮುಳುಗಿದವು. ಮಾರನೆಯ ದಿನ ಅವಳು ಸೊಂಟದ ನೀರಿನಲ್ಲಿ ತಡಕಾಡಿ ಎರಡು ಹಿಡಿ ಕಡ್ಡಿ ಉಳಿಸಿಕೊಂಡು, ನಮ್ಮ ತಾರಸಿಯ ಮೇಲೆ ಹಳೆಯ ಪೇಂಟ್ ಬಕೆಟ್ಟಿನಲ್ಲಿ ನೆಟ್ಟಿದ್ದಳು. ಆಮೇಲಿನ ದಿನಗಳಲ್ಲೂ ನೀರಿಗೆ ಇಳಿದು, ಕೊಚ್ಚಿ ಬಂದ ಕಸ ಎತ್ತುತ್ತಲೇ ಇದ್ದಳು. ಮಾರುವುದಕ್ಕೆ ಬೇರೆಯವರಿಂದ ಸೊಪ್ಪು ಕೊಂಡು ತರುತ್ತಿದ್ದಳು.

ಕೆರೆಯನ್ನು ನೋಡಿಕೊಳ್ಳುವವರದೊಂದು ಬಳಗ ನಮ್ಮಲ್ಲಿದೆ. ನಿವೃತ್ತ ಮೇಷ್ಟ್ರು ಪ್ರಭಾಕರ್ ಅವರು ಅದರ ಹಿರಿಯರು. ಕೊಲಂಬೊದಲ್ಲಿ ಇಂಥದೇ ಕೆಲಸ ಮಾಡುವ ಜನ ಕರೆದಿದ್ದರು: ನಗರದ ನಡುವಿನ ಜೌಗನ್ನು ನಾವು ಹೇಗೆ ಉಳಿಸಿಕೊಂಡಿದ್ದೇವೆ, ಬಂದು ನೋಡಿ ಎಂದು. ಮೇಷ್ಟ್ರು ಅಕ್ಕನನ್ನು ಆರಿಸಿದರು. ಜೊತೆಗೆ ಆರ್‌.ಟಿ. ನಗರದಲ್ಲಿ ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ನಸೀಮಾ. ಅವಳು ಎಷ್ಟೋ ವರ್ಷ ಅಕ್ಕನಿಂದಲೇ ಸೊಪ್ಪು ಕೊಂಡವಳು. ಈಚೆಗೆ, "ಕೆರೆ ಸೊಪ್ಪು ಅಂದ್ರೆ ಗಿರಾಕಿ ಮೂಗು ಮುರೀತಾರೆ ಗೌರಕ್ಕಾ" ಎಂದು ಕಡಿಮೆ ಮಾಡಿದ್ದಳು. ಅದಕ್ಕೇ ಅಕ್ಕ ಕೊಲಂಬೊದಲ್ಲಿ ಕೇಳಲು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡಿದ್ದಳು: ಇಷ್ಟು ದೊಡ್ಡ ಊರಿನೊಳಗೆ ಹೊನಗೊನೆಯನ್ನು ಚೊಕ್ಕಟವಾಗಿ ಬೆಳೆಯುವುದು ಹೇಗೆ?

ಬರಿಗೈಯಲ್ಲಿ ಹೋಗುವ ಹಾಗಿರಲಿಲ್ಲ. ಸೊಪ್ಪಿನ ಹೆಂಗಸರಲ್ಲಿ ಒಂದು ಪದ್ಧತಿ. ಇನ್ನೊಬ್ಬಳ ಪಾತಿ ನೋಡಲು ಹೋದರೆ ನಿನ್ನ ಪಾತಿಯ ಕಡ್ಡಿ ಒಂದು ಹಿಡಿ ಕೊಡಬೇಕು, ಅವಳದು ಒಂದು ಹಿಡಿ ತರಬೇಕು. ನನ್ನದು ಹೋದರೂ ನಿನ್ನ ಹತ್ತಿರ ಇರುತ್ತದೆ, ನಿನ್ನದು ಹೋದರೆ ನನ್ನ ಹತ್ತಿರ.

"ಚೆನ್ನಾಗಿರೋವೇ ಕೊಡ್ಬೇಕು ಕಣೇ, ಬಡಕಲು ಕೊಟ್ರೆ ಮರ್ಯಾದೆ ಓಗ್ತದೆ" ಎಂದು ಅಕ್ಕ ಆ ಸೋಮವಾರ ಹೇಳಿದಳು. ಕಟ್ಟುಗಳನ್ನು ಬುಟ್ಟಿಗೆ ತುಂಬಿಕೊಂಡು, ಸೂಟ್‌ಕೇಸಿಗೆ ಇನ್ನೊಮ್ಮೆ ಒದ್ದು, ಹೋದಳು.

ಮರುದಿನ ಬೆಳಿಗ್ಗೆ ಜ್ವರ. ಕಣ್ಣು ಕೆಂಪಾಯಿತು, ಮೀನಖಂಡ ಮುಟ್ಟಿದರೆ ಕೂಗುತ್ತಿದ್ದಳು. ನಾವು ವೈರಲ್ ಅಂದುಕೊಂಡು ಮನೆಯಲ್ಲೇ ಮಾತ್ರೆ ಕೊಟ್ಟೆವು. ಆಸ್ಪತ್ರೆಗೆ ಹೋದಾಗ ಡಾಕ್ಟರು ಮೊದಲು ಕೇಳಿದ್ದು, "ಮಳೆ ನೀರಲ್ಲಿ ಇಳಿದಿದ್ರಾ?" ಇಲಿ ಜ್ವರ ಎಂದರು. ತಡವಾಗಿತ್ತು. ಆರನೆಯ ದಿನ ಅಕ್ಕ ಹೋದಳು.

ಕೊಲಂಬೊ ವಿಮಾನ ನಿಲ್ದಾಣ

ಅಕ್ಕನ ಜೊತೆಗೆ ಧೈರ್ಯಕ್ಕೆಂದು ನಾನೂ ಪಾಸ್‌ಪೋರ್ಟ್ ಮಾಡಿಸಿದ್ದೆ. ಆರು ವಾರ ಕಳೆದ ಮೇಲೆ ಮೇಷ್ಟ್ರು ಮನೆಗೆ ಬಂದು, "ಗೌರಮ್ಮನ ಪ್ರಶ್ನೆ ನೀವು ಕೇಳ್ಕೊಂಡು ಬನ್ನಿ ಜಯಮ್ಮ" ಎಂದರು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ಆದರೂ ಹೂಂ ಅಂದೆ.

ವಿಮಾನ ಮೇಲೆ ಏಳುವಾಗ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಭಯವೋ ಖುಷಿಯೋ ತಿಳಿಯಲಿಲ್ಲ. ಕಿಟಕಿಯಲ್ಲಿ ಬೆಂಗಳೂರು ವಾಲಿಕೊಂಡಿತ್ತು. ಅಲ್ಲಲ್ಲಿ ಹೊಳೆಯುವ ಕೆರೆಗಳು, ನಡುವೆ ಕಟ್ಟಡಗಳೇ ಕಟ್ಟಡಗಳು. "ಅದು ಯಲಹಂಕ ಕೆರೆ, ಇದು ಜಕ್ಕೂರು" ಎಂದು ಮೇಷ್ಟ್ರು ಗಾಜಿಗೆ ಬೆರಳು ಒತ್ತಿ ತೋರಿಸುತ್ತಲೇ ಇದ್ದರು. ಮೇಲಿನಿಂದ ನೋಡಿದರೆ ಅವು ಒಂದರ ಕೆಳಗೆ ಒಂದು ಪೋಣಿಸಿದ ಹಾಗೆ ಇದ್ದವು. ದಾರ ಮಾತ್ರ ಅಲ್ಲಲ್ಲಿ ಕಡಿದಿತ್ತು. ನಸೀಮಾ ಕಣ್ಣು ಮುಚ್ಚಿ ಏನೋ ಪ್ರಾರ್ಥನೆ ಓದಿಕೊಳ್ಳುತ್ತಿದ್ದವಳು ಒಂದು ಕಣ್ಣು ತೆರೆದು, "ಮೇಷ್ಟ್ರೇ, ಕಿಟಕಿ ತಳ್ಳಬೇಡಿ, ಗಾಜು ಹೋದ್ರೆ ನಾವೂ ಹೋಗ್ತೀವಿ" ಎಂದಳು.

ಕೊಲಂಬೊದಲ್ಲಿ ಇಳಿದು ಸಾಲಿನಲ್ಲಿ ಬರುವಾಗ ನನ್ನ ಕೈಚೀಲವನ್ನು ಒಬ್ಬ ಹೆಣ್ಣು ಅಧಿಕಾರಿ ತಡೆದರು. ಒಳಗೆ ಸ್ಟೀಲ್ ಟಿಫನ್ ಡಬ್ಬಿ. ಅದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ, ಬೇರು ಸಮೇತದ ಹೊನಗೊನೆ ಕಡ್ಡಿ. ಅಕ್ಕ ಹೇಳಿದ ಹಾಗೆ ಚೆನ್ನಾಗಿದ್ದವನ್ನೆಲ್ಲ ಕಿತ್ತು ತಂದಿದ್ದೆ. ಬಕೆಟ್ಟಿನಲ್ಲಿ ಉಳಿದದ್ದು ಮೋಟು ಬೇರುಗಳು ಮಾತ್ರ.

ಆಕೆ ಡಬ್ಬಿ ತೆರೆದು, ಕಡ್ಡಿ ಎತ್ತಿ, ನನ್ನ ಮುಖ ನೋಡಿದರು. ನಸೀಮಾಗೆ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಕಲಿತ ತಮಿಳು ಚೆನ್ನಾಗಿ ಬರುತ್ತದೆ. ಮುಂದೆ ಬಂದು, "ಪೊನ್ನಾಂಗಣ್ಣಿ, ಮೇಡಂ" ಎಂದು ಹೊನಗೊನೆಯ ತಮಿಳು ಹೆಸರು ಹೇಳಿದಳು.

"ಮುಕುಣುವೆನ್ನ!" ಎಂದು ಅದರ ಸಿಂಹಳ ಹೆಸರು ಹೇಳಿ ಆಕೆ ನಕ್ಕೇಬಿಟ್ಟರು. ಪಕ್ಕದವರನ್ನು ಕರೆದು ತೋರಿಸಿದರು. ಅವರೂ ನಕ್ಕರು. ಆಮೇಲೆ ನಗುವನ್ನು ನಿಲ್ಲಿಸಿ, ಮಣ್ಣು ಬೇರು ಇರುವುದನ್ನು ಒಂದು ದೇಶದಿಂದ ಇನ್ನೊಂದಕ್ಕೆ ಹಾಗೆ ತರುವಂತಿಲ್ಲ, ಹುಳು ರೋಗ ಬರುತ್ತದೆ ಎಂದು ಮೆತ್ತಗೆ ವಿವರಿಸಿದರು. ಮಾತು ನಸೀಮಾಳ ಮೂಲಕ ನನಗೆ ತಲುಪುವಷ್ಟರಲ್ಲಿ ಕಡ್ಡಿಗಳು ಮುಚ್ಚಳದ ತೊಟ್ಟಿಗೆ ಬಿದ್ದಿದ್ದವು. ಆಕೆ ಡಬ್ಬಿಯನ್ನು ಕರವಸ್ತ್ರದಿಂದ ಒರೆಸಿ ಎರಡು ಕೈಯಲ್ಲಿ ಹಿಂದಿರುಗಿಸಿದರು. ತಪ್ಪು ನನ್ನದೇ. ಕೆರೆಯಿಂದ ಕೆರೆಗೆ ನಡೆಯುವ ಪದ್ಧತಿಯನ್ನು ನಾನು ಸಮುದ್ರ ದಾಟಿಸಲು ಹೋಗಿದ್ದೆ.

"ಅಳಬೇಡ್ವೇ" ಎಂದಳು ನಸೀಮಾ.

"ಅಳ್ತಿಲ್ಲ. ಎಸಿ ಜಾಸ್ತಿ ಇದೆ."

ತಿಂಡಿಯ ತಟ್ಟೆ

ಮಾರನೆಯ ಬೆಳಿಗ್ಗೆ ನಾವು ಉಳಿದ ಮನೆಯಲ್ಲಿ ತಿಂಡಿಗೆ ಇಟ್ಟದ್ದು ಇಂದಿಯಾಪ್ಪ. ಅದು ನಮ್ಮ ಒತ್ತು ಶ್ಯಾವಿಗೆಯೇ, ಪುಟ್ಟ ಪುಟ್ಟ ಚಕ್ಕುಲಿಯಂತೆ ಒತ್ತಿದ್ದು. ಪಕ್ಕದಲ್ಲಿ ಕೆಂಪು ತೆಂಗಿನಕಾಯಿ ಚಟ್ನಿ. ಇನ್ನೊಂದು ಬಟ್ಟಲಿನಲ್ಲಿ ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ, ಕಾಯಿತುರಿ ಹಾಕಿ, ಬಾಡಿಸಿದ ಯಾವುದೋ ಸೊಪ್ಪು.

ಒಂದು ತುತ್ತು ಬಾಯಿಗಿಟ್ಟೆ.

"ಹೊನಗೊನೆ!"

ಎಷ್ಟು ಜೋರಾಗಿ ಕೂಗಿದೆನೆಂದರೆ ಅಡುಗೆ ಮನೆಯಿಂದ ಅಜ್ಜಿಯೊಬ್ಬರು ಸೌಟು ಹಿಡಿದೇ ಓಡಿ ಬಂದರು. ಊಟದಲ್ಲಿ ಹುಳ ಬಂತೆಂದು ಅವರ ಎದೆ ಒಡೆದಿತ್ತು. ನಾನು ತಟ್ಟೆ ತೋರಿಸಿ, ಕಣ್ಣು ತೋರಿಸಿ, ಎದೆ ಮುಟ್ಟಿ, ಏನೇನೋ ಅಭಿನಯ ಮಾಡಿದೆ. ಅವರಿಗೆ ಏನು ಅರ್ಥವಾಯಿತೋ, ಇನ್ನೊಂದು ದೊಡ್ಡ ಬಟ್ಟಲು ತಂದು ನನ್ನ ಮುಂದೆ ಕುಕ್ಕಿದರು.

"ಗೌರಕ್ಕ ಹೋದಾಗಿಂದ ಇವಳ ಬಾಯಲ್ಲಿ ಇಷ್ಟು ಜೋರು ಮಾತು ಬಂದಿರಲಿಲ್ಲ" ಎಂದು ನಸೀಮಾ ಮೇಷ್ಟ್ರಿಗೆ ಹೇಳಿದಳು.

ನಾವು ಅದನ್ನು ಬೇಯಿಸಿ, ಬಸಿದು, ಕಟ್ಟಿನಿಂದ ಸಾರು ಮಾಡುತ್ತೇವೆ. ಇವರು ಬೆಂಕಿಗೆ ತೋರಿಸಿ ತೆಗೆದುಬಿಡುತ್ತಾರೆ. ಹಸಿರು ಹಸಿರಾಗಿಯೇ ಇರುತ್ತದೆ. ಆಮೇಲೆ ಮಾರ್ಕೆಟ್ಟಿಗೆ ಹೋದರೆ, ಮುಕುಣುವೆನ್ನ ಗೋಣಿಗೋಣಿ ಬಿದ್ದಿತ್ತು. ಬೀದಿ ತುಂಬ ಮುಕುಣುವೆನ್ನ! ನಾನು ಟಿಫನ್ ಡಬ್ಬಿಯಲ್ಲಿ ಮುಚ್ಚಿಟ್ಟು ತಂದದ್ದು ಇಂಥ ಊರಿಗೆ. ಅಕ್ಕ ಇದ್ದಿದ್ದರೆ ಆ ಗೋಣಿಗಳ ಮುಂದೆ ಕೂತು ಹೊಟ್ಟೆ ಹಿಡಿದು ನಗುತ್ತಿದ್ದಳು. ಅವಳ ಪರವಾಗಿ ನಾನೇ ನಕ್ಕೆ.

ಗಾಲ್ ಫೇಸ್

ಗಾಲ್ ಫೇಸ್ ಎಂಬ ದಂಡೆಯಲ್ಲಿ ಸಮುದ್ರ ನೋಡಲು ಹೊರಟಾಗ ರಸ್ತೆ ದಾಟಬೇಕಾಯಿತು. ಬಿಳಿ ಪಟ್ಟೆಯ ಮೇಲೆ ನಾವು ಕಾಲಿಡುವ ಮುಂಚೆಯೇ ಒಂದು ಬಸ್ಸು ನಿಂತಿತು.

"ಯಾಕೆ ನಿಂತ?" ಎಂದಳು ನಸೀಮಾ.

"ನಮಗೋಸ್ಕರ" ಎಂದರು ಮೇಷ್ಟ್ರು.

"ಸುಳ್ಳು!"

ದಾಟಿದೆವು. ನಸೀಮಾ ತಿರುಗಿ ನಿಂತು, "ಇನ್ನೊಂದ್ಸಲ" ಎಂದಳು. ವಾಪಸು ದಾಟಿದೆವು. ಈ ಸಲ ಎರಡು ಕಾರು, ಮೂರು ಆಟೊ ನಿಂತವು. ಹೆಬ್ಬಾಳದಲ್ಲಿ ರಸ್ತೆ ದಾಟುವುದೆಂದರೆ ಕೈ ಅಡ್ಡ ಹಿಡಿದು, ಮನೆ ದೇವರನ್ನು ನೆನೆದು, ಒಂದೇ ಓಟ. ಮೂರನೆಯ ಸಲ ದಾಟುವಾಗ ಒಬ್ಬ ಆಟೊದವನು ತಲೆ ಹೊರಗೆ ಹಾಕಿ ಏನೋ ಕೇಳಿದ. ನಸೀಮಾ ತಮಿಳಿನಲ್ಲಿ, "ಅಣ್ಣಾ, ನಾವು ಬೆಂಗಳೂರಿನವರು, ಸ್ವಲ್ಪ ಹೊತ್ತು ಬಿಡಿ" ಎಂದಳು. ಅವನಿಗೆ ಪಾಪ ಅನ್ನಿಸಿರಬೇಕು, ತಲೆ ಆಡಿಸಿದ.

ನನಗೆ ಐವತ್ತನಾಲ್ಕು ವರ್ಷ. ಸಮುದ್ರ ನೋಡಿದ್ದು ಅದೇ ಮೊದಲು. ನೋಡಿದ ಕೂಡಲೇ ಮನಸ್ಸಿಗೆ ಬಂದದ್ದು, ಇದಕ್ಕೆ ಕೋಡಿ ಎಲ್ಲಿ? ಕೆರೆಯ ದಡದಲ್ಲಿ ಬೆಳೆದವರಿಗೆ ಅದೇ ಯೋಚನೆ. ಇಷ್ಟು ನೀರು ಹೆಚ್ಚಾದರೆ ಯಾವ ಕಡೆಗೆ ಬಿಡುತ್ತಾರೆ? ಕೇಳಿದೆ. ಮೇಷ್ಟ್ರು ನಗಲಿಲ್ಲ. "ಕೋಡಿ ಇಲ್ಲ ಜಯಮ್ಮ. ಅದು ಹೆಚ್ಚಾದ್ರೆ ಊರಿನ ಕಾಲುವೆಗಳಿಗೆ ಹಿಮ್ಮುಖ ಬರತ್ತೆ. ಈಗ ಹೆಚ್ಚಾಗ್ತಾನೂ ಇದೆ" ಎಂದರು. ಅಲೆ ಬಂದು ಹೊಸ ಚಪ್ಪಲಿಯನ್ನು ನೆನೆಸಿತು. ಆ ಚಪ್ಪಲಿ ಆಗಲೇ ನನ್ನ ಹಿಮ್ಮಡಿ ಕಚ್ಚಿತ್ತು. ಉಪ್ಪು ನೀರು ತಾಗಿ ಚುರ್ ಅಂದಿತು. ನಾನು ಮಕ್ಕಳ ಹಾಗೆ ಕುಣಿದೆ.

ಜೌಗಿನ ಮೇಲಿನ ಮರದ ಹಾದಿ

ಕೊಲಂಬೊದ ಜೌಗು ಊರಿನ ಹೊರಗಿಲ್ಲ. ದೊಡ್ಡ ದೊಡ್ಡ ಕಟ್ಟಡಗಳ ಬೆನ್ನ ಹಿಂದೆಯೇ ಇದೆ. ನೀರಿನ ಮೇಲೆ ಹಲಗೆ ಜೋಡಿಸಿ ಹಾದಿ ಮಾಡಿದ್ದಾರೆ. ಕರೆದುಕೊಂಡು ಹೋದವರು ಗಾಮಿಣಿ ಎಂಬ ನರೆಗೂದಲಿನ ಮನುಷ್ಯ. ಮೇಷ್ಟ್ರ ಜೊತೆ ಇಂಗ್ಲಿಷಿನಲ್ಲಿ, ನಸೀಮಾ ಜೊತೆ ತಮಿಳಿನಲ್ಲಿ, ನನ್ನ ಜೊತೆ ನಗುವಿನಲ್ಲಿ ಮಾತಾಡಿದರು.

ಹೆಜ್ಜೆಗೊಂದು ಹಕ್ಕಿ. ಒಣಮರದ ಮೇಲೆ ಹೆಜ್ಜಾರ್ಲೆಗಳು ನಮ್ಮ ಜಕ್ಕೂರಿನಲ್ಲಿ ಕೂತ ಹಾಗೆಯೇ, ಅದೇ ಗಂಭೀರ ಮುಖ ಹಾಕಿ ಕೂತಿದ್ದವು. "ಇವೇನು ನಮ್ಮ ವಿಮಾನದಲ್ಲೇ ಬಂದವಾ?" ಎಂದಳು ನಸೀಮಾ. ಮೇಷ್ಟ್ರು ಪುಸ್ತಕ ತೆಗೆದು ಎಲ್ಲದರ ಹೆಸರನ್ನೂ ಬರೆದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಹಾದಿಗೆ ಅಡ್ಡ ಬಿದ್ದಿದ್ದ ಒಂದು ಕೊರಡು ನಡೆಯತೊಡಗಿತು.

ನಾನು, "ಮೊಸಳೆ!" ಎಂದೆ. ಮೇಷ್ಟ್ರು ಅವರ ವಯಸ್ಸಿಗೆ ಸಲ್ಲದ ವೇಗದಲ್ಲಿ ಬೆಂಚಿನ ಮೇಲೆ ಹತ್ತಿದ್ದರು. ಅದು ಮೊಸಳೆಯಲ್ಲ, ನೀರು ಉಡ. ನಮ್ಮ ಉಡಕ್ಕೆ ದೊಡ್ಡಪ್ಪನಂತಿತ್ತು. ಇಲ್ಲಿ ಕಬರಗೊಯ ಅನ್ನುತ್ತಾರೆ. ನಮ್ಮನ್ನು ಕಣ್ಣೆತ್ತಿಯೂ ನೋಡದೆ, ನಾಲಿಗೆ ಚಾಚುತ್ತಾ, ನಿಧಾನವಾಗಿ ನೀರಿಗಿಳಿಯಿತು. "ಸತ್ತದ್ದನ್ನೆಲ್ಲ ತಿಂದು ಶುಚಿ ಮಾಡ್ತಾನೆ. ಸಂಬಳ ಇಲ್ಲ, ರಜೆ ಇಲ್ಲ" ಎಂದರು ಗಾಮಿಣಿ. ಮೇಷ್ಟ್ರು ಬೆಂಚಿನ ಮೇಲೆ ನಿಂತೇ ಅದನ್ನೂ ಬರೆದುಕೊಂಡರು.

ಗಾಮಿಣಿ ಹೇಳಿದ್ದು ನನಗೆ ತುಂಬ ಪರಿಚಿತವಾಗಿತ್ತು. ಇಲ್ಲೂ ಗದ್ದೆಗಳಿದ್ದವು. ಗದ್ದೆಗೆ ಮಣ್ಣು ತುಂಬಿ ಮನೆ ಕಟ್ಟಿದರು. ಆಮೇಲೆ ಒಂದು ಮಳೆಗೆ ಊರೇ ಮುಳುಗಿತು. ನೀರು ನಿಲ್ಲಲು ಜಾಗವೇ ಇಲ್ಲ ಎಂದು ಆಗ ಗೊತ್ತಾಯಿತು. ಉಳಿದ ಜೌಗನ್ನು ಮುಟ್ಟಬಾರದೆಂದು ಹಟ ಹಿಡಿದ ಜನ ಹೆಚ್ಚಾದರು. ಈಗ ಜೋರು ಮಳೆ ಬಂದರೆ ಈ ಜೌಗು ಎರಡು ದಿನ ನೀರನ್ನು ತನ್ನ ಮೈಮೇಲೆ ಎಳೆದುಕೊಂಡು, ಆಮೇಲೆ ನಿಧಾನ ಬಿಡುತ್ತದೆ. ಪಕ್ಕದ ಮನೆಗಳ ಹೊಸ್ತಿಲು ಒಣಗಿರುತ್ತದೆ. ಎಲ್ಲವೂ ಉಳಿದಿಲ್ಲ, ಈಗಲೂ ಅಂಚಿನಲ್ಲಿ ಮಣ್ಣು ಸುರಿಯುವವರು ಇದ್ದಾರೆ ಎಂದೂ ಹೇಳಿದರು.

"ಸುರಿಯುವವರು ಇಲ್ಲದ ಊರು ಯಾವುದು?" ಎಂದರು ಮೇಷ್ಟ್ರು. ಇಬ್ಬರೂ ಹಳೆಯ ಸಹೋದ್ಯೋಗಿಗಳ ಹಾಗೆ ತಲೆ ಆಡಿಸಿದರು.

ಸೋಮಾವತಿಯವರ ಪಾತಿ

ಮೂರನೆಯ ದಿನ ನಾನು ಬಂದ ಕೆಲಸದ ದಿನ. ಊರಂಚಿನ ಒಂದು ಕಾಲುವೆಯ ಪಕ್ಕ ಸೋಮಾವತಿ ಎಂಬಾಕೆ ಮುಕುಣುವೆನ್ನ ಬೆಳೆಯುತ್ತಾರೆ. ನೆರೆಯವರೆಲ್ಲ ತಮಿಳರಾದ್ದರಿಂದ ಅವರಿಗೂ ಸ್ವಲ್ಪ ತಮಿಳು ಬರುತ್ತದೆ. ಆ ತಮಿಳು ನಸೀಮಾಳ ಕೈಗೆ ಸಿಕ್ಕಿ ಕನ್ನಡವಾಗಿ ನನಗೆ ಬರುತ್ತಿತ್ತು.

ನಾವು ಗೇಟಿನ ಬಳಿ ಇರುವಾಗಲೇ ರಸ್ತೆಯಿಂದ ಯಾರೋ "ಅಕ್ಕಾ!" ಎಂದು ಕೂಗಿದರು. ನಾನು ಗಕ್ಕನೆ ತಿರುಗಿದೆ. ಸೊಪ್ಪು ಕೊಳ್ಳಲು ಬಂದ ಯಾರೋ ಸೋಮಾವತಿಯವರನ್ನು ಕರೆದಿದ್ದರು. ಇವರ ಭಾಷೆಯಲ್ಲೂ ಅಕ್ಕನಿಗೆ ಅಕ್ಕ ಎಂದೇ ಅನ್ನುತ್ತಾರೆ. ತಂಗಿಗೆ ನಂಗಿ. ವಯಸ್ಸು ಕೇಳಿದರೆ ಅರವತ್ತಮೂರು ಎಂದರು. ನನ್ನ ಅಕ್ಕನ ಓರಗೆಯೇ. ಗಿಡ್ಡಗೆ, ಕಪ್ಪಗೆ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

ಪಾತಿಗಳನ್ನು ನೋಡಿ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಎಂಥ ಹಸಿರು! ಉದ್ದುದ್ದ ಮಂಚದಂಥ ಪಾತಿಗಳು, ನಡುವೆ ನೀರಿನ ಕಾಲುವೆ. ಎಲೆ ಬೆರಳಗಲ. ಇಡೀ ವರ್ಷ ಅಕ್ಕ ಕನಸು ಕಂಡ ಸೊಪ್ಪು. ನಾನು ಚಪ್ಪಲಿ ಬಿಟ್ಟೆ. ಸೀರೆ ಎತ್ತಿ ಸಿಕ್ಕಿಸಿದೆ. ಕೆರೆಗಿಳಿಯುವ ಮುಂಚೆ ಗಂಗಮ್ಮನಿಗೆ ಕೈ ಮುಗಿದು ಒಂದು ಹನಿ ತಲೆಗೆ ಹಚ್ಚಿಕೊಳ್ಳುವುದು ನಮ್ಮ ರೂಢಿ. ಬಗ್ಗಿದೆ.

ಹಿಂದಿನಿಂದ ಒಂದು ಕೈ ನನ್ನ ರಟ್ಟೆ ಹಿಡಿದು ಎಳೆಯಿತು. ಸೋಮಾವತಿ ಕೂಗುತ್ತಿದ್ದರು. ನನ್ನನ್ನು ದಿಬ್ಬದ ಮೇಲೆ ಕೂರಿಸಿ, ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಅಂಗಾಲು ತಿರುಗಿಸಿ ನೋಡಿದರು. ಚಪ್ಪಲಿ ಕಚ್ಚಿದ ಗಾಯದ ಮೇಲೆ ಬೆರಳಿಟ್ಟು ಮತ್ತೆ ಕೂಗಿದರು.

"ಏನಂತಾರೆ?" ಎಂದೆ. ನನಗೆ ನಾಚಿಕೆಯಾಗಿತ್ತು, ಅವರ ಪಾತಿಗೆ ಕೇಳದೆ ಇಳಿದೆನೆಂದು ಸಿಟ್ಟಾದರು ಅಂದುಕೊಂಡೆ.

ನಸೀಮಾ ಬಗ್ಗಿ ನನ್ನ ಗಾಯವನ್ನೇ ನೋಡಿದಳು.

"ನಸೀಮಾ, ಏನಂತಾರೆ?"

"ಗಾಯ ಇಟ್ಕೊಂಡು ಬರಿಗಾಲಲ್ಲಿ ಇಳೀಬಾರ್ದಂತೆ. ಈ ನೀರಲ್ಲಿ... ಮೀ ಉಣ ಅಂತಾರೆ. ಜಯಾ, ಇಲಿ ಜ್ವರ."

ಅವರು ಹೇಳುತ್ತಾ ಹೋದರು, ನಸೀಮಾ ಮೆಲ್ಲಗೆ ತಿರುಗಿಸುತ್ತಾ ಹೋದಳು. ಇಲಿ, ಹೆಗ್ಗಣ ಉಚ್ಚೆ ಹೊಯ್ದ ನೀರು ಮಳೆಗೆ ಎಲ್ಲ ಕಡೆ ಹರಡುತ್ತದೆ. ಕಾಲಿನ ಬಿರುಕಿನಲ್ಲಿ ಒಳಗೆ ಹೋಗುತ್ತದೆ. ಅದಕ್ಕೆ ಬೂಟು. ಗದ್ದೆ ಕೆಲಸ ಶುರುವಾಗುವ ಮುಂಚೆ, ದೊಡ್ಡ ಮಳೆ ಬಿದ್ದ ಮೇಲೆ, ಆರೋಗ್ಯ ಇಲಾಖೆಯ ಮಹತ್ತಯ ಬೈಕಿನಲ್ಲಿ ಬರುತ್ತಾರೆ. ಮಹತ್ತಯ ಎಂದರೆ ನಮ್ಮಲ್ಲಿ ಸಾಹೇಬರು ಅಂದ ಹಾಗೆ. ಬಾಗಿಲಲ್ಲಿ ನಿಂತು ಯಾರ್ಯಾರು ನೀರಿಗಿಳಿಯುತ್ತೀರಿ ಎಂದು ಕೇಳಿ ಮಾತ್ರೆ ಕೊಡುತ್ತಾರೆ. ಜ್ವರ ಬಂದರೆ ಮನೆಯಲ್ಲಿ ಕೂರಬೇಡಿ, ಗದ್ದೆಗಿಳಿದಿದ್ದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ ಎನ್ನುತ್ತಾರೆ.

ನನ್ನ ಕಾಲು ಇನ್ನೂ ಅವರ ತೊಡೆಯ ಮೇಲೇ ಇತ್ತು. ನಾನು ಮಾತಾಡಿದೆ. ಕನ್ನಡದಲ್ಲೇ. ನಸೀಮಾ ಕಣ್ಣು ಒರೆಸಿಕೊಳ್ಳುತ್ತಿದ್ದುದರಿಂದ ಸ್ವಲ್ಪ ಹೊತ್ತು ಅದು ಯಾರಿಗೂ ತಿರುಗಲಿಲ್ಲ. ಅಕ್ಕನ ಹೆಸರು ಗೌರಮ್ಮ, ಇಲ್ಲಿಗೆ ಬರಬೇಕಾಗಿದ್ದವಳು ಅವಳು, ಮಳೆಯ ಮಾರನೆಯ ದಿನ ಸೊಂಟದ ನೀರಿಗೆ ಇಳಿದಳು, ಹಿಮ್ಮಡಿ ಪೂರ್ತಿ ಬಿರುಕು ಬಿಟ್ಟಿತ್ತು, ಜ್ವರ ಬಂದಾಗ ನಾವೇ ಮನೆಯಲ್ಲಿ ಇಟ್ಟುಕೊಂಡೆವು.

ಕೊನೆಗೆ ಎಲ್ಲವೂ ತಲುಪಿದ ಮೇಲೆ ಸೋಮಾವತಿ ಒಂದೇ ಮಾತು ಕೇಳಿದರು. ಬೈಗುಳವಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು.

"ಯಾರೂ ಬಂದು ಹೇಳಲಿಲ್ಲವಾ?"

ಮೇಷ್ಟ್ರು ಪುಸ್ತಕ ಮುಚ್ಚಿದರು. "ಹೇಳಬೇಕಾಗಿದ್ದವರಲ್ಲಿ ನಾನೂ ಒಬ್ಬ ಜಯಮ್ಮ. ಪ್ರತಿ ಭಾನುವಾರ ಅಲ್ಲಿ ಹಕ್ಕಿ ಎಣಿಸ್ತಿದ್ದೆ. ನೀರಲ್ಲಿ ನಿಂತ ಹೆಂಗಸರು ಕಣ್ಣೆದುರೇ ಇದ್ರು" ಎಂದರು. 



ಸೋಮಾವತಿ ನನಗೂ ಒಂದು ಜೊತೆ ಬೂಟು ತಂದರು. ಎರಡು ಅಳತೆ ದೊಡ್ಡದು. ಗಾಯಕ್ಕೆ ಪಟ್ಟಿ ಹಾಕಿ, ಒಳಗೆ ಹಳೆಯ ಕಾಗದ ತುರುಕಿ ಹಾಕಿಸಿದರು. ನಾನು ಬಾತುಕೋಳಿಯ ಹಾಗೆ ಪಾತಿಯಿಂದ ಪಾತಿಗೆ ನಡೆದೆ. ಅಕ್ಕನ ಪ್ರಶ್ನೆಯನ್ನು ಕೇಳಿದೆ. ಅವರು ಪಕ್ಕದ ದೊಡ್ಡ ಕಾಲುವೆಗೆ ಕೈ ತೋರಿಸಿ, ಅದರ ನೀರನ್ನು ಸೊಪ್ಪಿಗೆ ಮುಟ್ಟಿಸುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು ಎಂದರು. ಊರಿನ ಕೊಳೆ ಒಂದು ಕಡೆ. ಮಳೆ ಕೈಕೊಟ್ಟ ತಿಂಗಳುಗಳಲ್ಲಿ ಸಮುದ್ರದ ಉಪ್ಪು ಕಾಲುವೆಯಲ್ಲಿ ಮೇಲಕ್ಕೆ ಬರುತ್ತದೆ, ಎಲೆ ಸುಟ್ಟುಹೋಗುತ್ತದೆ. ಅವರಮ್ಮನ ಕಾಲದಲ್ಲಿ ಹೀಗಿರಲಿಲ್ಲ. ಈಗ ಪಾತಿ ಎತ್ತರಿಸಿದ್ದಾರೆ, ನಡುವಿನ ಸಣ್ಣ ಕಾಲುವೆಗೂ ಬಾವಿ ನೀರು. "ಜೌಗಿನ ಒಳಗೆ ಬೆಳೀಬೇಡಿ, ಅದು ನೀರಿನ ಜಾಗ. ಪಕ್ಕದಲ್ಲಿ ಬೆಳೀರಿ."

ನಮ್ಮ ಕೆರೆಗೆ ಪಕ್ಕ ಎಂಬುದೇ ಇಲ್ಲವಲ್ಲ, ಬೇಲಿ ಮುಗಿದ ಕೂಡಲೇ ಗೋಡೆ ಎಂದು ನಾನು ಹೇಳಿದೆ. ಅವರು ಯೋಚಿಸಿ, "ಮನೆಯ ಮೇಲೆ?" ಎಂದರು.

ತಾರಸಿಯ ಪೇಂಟ್ ಬಕೆಟ್ಟು ನೆನಪಾಗಿ ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಅಕ್ಕ ಉತ್ತರವನ್ನು ಆಗಲೇ ನೆಟ್ಟಿದ್ದಳು, ಅದು ಉತ್ತರವೆಂದು ಅವಳಿಗೂ ಗೊತ್ತಿರಲಿಲ್ಲ.

ಹೊರಡುವಾಗ ಅವರು ಒಂದು ಹಿಡಿ ಕಡ್ಡಿ ಮುರಿದು ಕೊಡಲು ಬಂದರು. ಅವರಲ್ಲೂ ಬರಿಗೈಯಲ್ಲಿ ಕಳಿಸುವ ಹಾಗಿಲ್ಲವಂತೆ. ಒಯ್ಯುವಂತಿಲ್ಲ ಎಂದು ವಿಮಾನ ನಿಲ್ದಾಣದ ಕಥೆಯನ್ನು ನಸೀಮಾ ಹೇಳಿದಳು, ಅಧಿಕಾರಿಯ ನಗುವನ್ನೂ ಅಭಿನಯಿಸಿ. ಸೋಮಾವತಿ ದಿಬ್ಬದ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ಆ ಕಡ್ಡಿಗಳನ್ನು ಪಾತಿಯ ತುದಿಯಲ್ಲಿ ಬೇರೆಯಾಗಿ ಒಂದು ಸಾಲು ನೆಟ್ಟು, ನನ್ನ ಕಡೆ ತಿರುಗಿ, "ನಂಗಿ, ಇದು ನಿನ್ನದು. ಇಲ್ಲೇ ಬೆಳೀತಾ ಇರತ್ತೆ" ಎಂದರು.

ಮತ್ತೆ ಅಮೃತಹಳ್ಳಿ

ಮನೆಗೆ ಬಂದವಳೇ ಸೂಟ್‌ಕೇಸನ್ನು ಬಾಗಿಲಲ್ಲೇ ಬಿಟ್ಟು ತಾರಸಿಗೆ ಓಡಿದೆ. ಬಕೆಟ್ಟಿನ ಮೋಟು ಬೇರುಗಳಲ್ಲಿ ನಾಲ್ಕು ಚಿಗುರು, ಉಗುರಿನಷ್ಟು. ಒಬ್ಬಳೇ ಕೂತು ಜೋರಾಗಿ ನಕ್ಕೆ.

ಈಗ ತಾರಸಿಯಲ್ಲಿ ಹನ್ನೊಂದು ಟಬ್ಬು, ಆರು ಬಕೆಟ್ಟು. ಮಳೆ ನೀರು ಹಿಡಿದಿಟ್ಟುಕೊಳ್ಳುತ್ತೇನೆ, ಸಾಲದಿದ್ದರೆ ಬೋರಿನ ನೀರು. ನಸೀಮಾ ಬೆಳಿಗ್ಗೆ ಬಂದು ಒಯ್ಯುತ್ತಾಳೆ. "ತಾರಸಿ ಸೊಪ್ಪು, ಕೆರೆದಲ್ಲ, ಬನ್ನಿ!" ಎಂದು ಅವಳು ಕೂಗುವುದು ಕೇಳಿದರೆ ಅಕ್ಕನ ಕೆರೆಗೆ ಬೈದ ಹಾಗಾಗುತ್ತದೆ ಎಂದು ಜಗಳವಾಡಿದ್ದೇನೆ. "ಹೊಟ್ಟೆಪಾಡು ಕಣೇ, ಗೌರಕ್ಕ ಬೇಜಾರ್ ಮಾಡ್ಕೊಳಲ್ಲ" ಅನ್ನುತ್ತಾಳೆ. ಬಳಗದವರು ಸೇರಿ ನೀರಿಗಿಳಿಯುವ ಏಳು ಹೆಂಗಸರಿಗೆ ಬೂಟು ತರಿಸಿದರು. ಮೇಷ್ಟ್ರು ಅವರನ್ನೆಲ್ಲ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಂದಲೇ ಮಾತ್ರೆಯ ವಿಷಯ ಹೇಳಿಸಿದರು. ಭಾನುವಾರ ಹಕ್ಕಿಯ ಪುಸ್ತಕದಲ್ಲಿ ಈಗ ಆ ಹೆಂಗಸರ ಹೆಸರುಗಳೂ ಇವೆ.

ಕಳೆದ ವಾರ ಮತ್ತೆ ಒಂದು ಸಂಜೆ ಆಕಾಶ ಕಳಚಿ ಬಿದ್ದ ಹಾಗೆ ಮಳೆ ಸುರಿಯಿತು. ಬೆಳಿಗ್ಗೆ ನಾನು ಬೇಗ ಎದ್ದು ಆ ಏಳು ಮನೆಗಳ ಬಾಗಿಲು ತಟ್ಟಿದೆ. "ಇವತ್ತು ಇಳೀಬೇಡಿ. ಇಳಿಯೋದಾದ್ರೆ ಬೂಟು ಹಾಕ್ಕೊಳ್ಳಿ." ಅವರು ನಕ್ಕರು, ಕಾಫಿ ಕೊಟ್ಟರು.

ವಾಪಸು ಬರುವಾಗ ಕೆರೆಯ ಆಚೆ ದಡ ಕಂಡಿತು. ಅಲ್ಲಿ ಹೊಸದಾಗಿ ಶೆಡ್ಡುಗಳು ಬಂದಿವೆ, ದೂರದ ಊರುಗಳಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮೂರು ಜನ ಹೆಂಗಸರು ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ, ಮೊಣಕಾಲ ನೀರಿನಲ್ಲಿ ಸೊಪ್ಪು ಕೀಳುತ್ತಿದ್ದರು. ನಾನು ಕೂಗಿದೆ. ದೂರ ಹೆಚ್ಚು, ಅವರ ಭಾಷೆಯೂ ನನಗೆ ಬಾರದು. ಅವರು ನನಗೆ ಕೈ ಬೀಸಿದರು. ಸುತ್ತಿ ಬಳಸಿ ಅಲ್ಲಿಗೆ ಹೋಗುವಷ್ಟರಲ್ಲಿ ಕಿತ್ತ ಸೊಪ್ಪು ಹೊತ್ತು ಹೋಗಿದ್ದರು. ಯಾವ ಶೆಡ್ಡು ಎಂದು ತಿಳಿಯಲಿಲ್ಲ.

ಕೆರೆಗೆ ಬೇಲಿ ಇದೆ, ನಡೆಯಲು ಹಾದಿ ಇದೆ, ಕೂರಲು ಬೆಂಚಿದೆ, ಹೆಜ್ಜಾರ್ಲೆಗಳೂ ಬಂದಿವೆ. ಮಳೆಯ ಮಾರನೆಯ ಬೆಳಿಗ್ಗೆ ಎಲ್ಲ ಬಾಗಿಲುಗಳನ್ನೂ ತಟ್ಟಿ ಹೇಳುವ ಒಬ್ಬ ಮನುಷ್ಯ ನಮ್ಮ ಕೆರೆಗೆ ಇನ್ನೂ ಇಲ್ಲ.